ಮುರಕಲ್ಲಿನ ಮನೆಗೆ ಮೆಶ್ ವೈಫೈ ಹಾಕುವುದು ಹೇಗೆ

ಮಸ್ಕತ್‌ನಲ್ಲಿರುವ ಅಕ್ಕ ದಿನಾ ರಾತ್ರಿ ಎಂಟೂವರೆಗೆ ವಿಡಿಯೊ ಕಾಲ್ ಮಾಡುತ್ತಾಳೆ. ಆ ಹೊತ್ತಿಗೆ ಅಮ್ಮ ಅಡುಗೆಮನೆಯಲ್ಲಿರುತ್ತಾರೆ. ವೈಫೈ ಪೆಟ್ಟಿಗೆ ಇದ್ದದ್ದು ಚಾವಡಿಯಲ್ಲಿ, ನಡುವೆ ಎರಡು ಮುರಕಲ್ಲಿನ ಗೋಡೆ. ಮೊಮ್ಮಗಳು ಮಾತಾಡುತ್ತಾ ಇರುವಾಗಲೇ ಅವಳ ಮುಖ ನಿಂತುಹೋಗುತ್ತಿತ್ತು, ಅಮ್ಮ ಗ್ಯಾಸ್ ಆರಿಸಿ ಫೋನ್ ಹಿಡಿದುಕೊಂಡು ಚಾವಡಿಗೆ ಬರುತ್ತಿದ್ದರು. ಹಿರಿಯಡ್ಕದ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಉಡುಪಿ, ಮಂಗಳೂರು ಕಡೆ ಇಂಥ ಮನೆ ಇರುವ ತುಂಬಾ ಜನ 'ನಮ್ಮಲ್ಲಿ ಒಳಗೆ ರೇಂಜ್ ಸಿಗುವುದಿಲ್ಲ ಮಾರಾಯ್ರೆ' ಅಂತ ಒಪ್ಪಿಕೊಂಡು ಕೂತಿದ್ದಾರೆ. ಒಪ್ಪಿಕೊಳ್ಳಬೇಕಾಗಿಲ್ಲ. ಒಂದು ಭಾನುವಾರ, ಒಂದು ಏಣಿ, ಸ್ವಲ್ಪ ತಾಳ್ಮೆ ಇದ್ದರೆ ಮೆಶ್ ಹಾಕಿ ಮನೆ ಪೂರ್ತಿ ವೈಫೈ ಬರುವ ಹಾಗೆ ಮಾಡಬಹುದು. ಮೆಶ್ ಅಂದರೆ ಮನೆಯ ಬೇರೆ ಬೇರೆ ಜಾಗದಲ್ಲಿ ಇಟ್ಟು, ಒಂದೇ ಹೆಸರಿನ ವೈಫೈಯನ್ನು ಒಂದರಿಂದ ಒಂದಕ್ಕೆ ದಾಟಿಸುವ ಎರಡು ಮೂರು ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಗೆ ಯೂನಿಟ್ ಅನ್ನುತ್ತಾರೆ.

ಮೊದಲಿಗೆ ನಾನು ಮಾಡಿದ್ದು ಪ್ಲಾನ್ ಜಾಸ್ತಿ ಮಾಡಿಸಿದ್ದು. 100 ಎಂಬಿಪಿಎಸ್ ಇದ್ದದ್ದನ್ನು 200 ಮಾಡಿಸಿದೆ. ಅಡುಗೆಮನೆಯಲ್ಲಿ ಏನೂ ಬದಲಾಗಲಿಲ್ಲ, ಯಾಕೆಂದರೆ ಒಂದು ಒಳ್ಳೇ ವಿಡಿಯೊ ಕಾಲ್‌ಗೆ ಬೇಕಾದದ್ದು 3-4 ಎಂಬಿಪಿಎಸ್ ಅಷ್ಟೇ, ಅದು ಕೂಡ ಗೋಡೆ ದಾಟಿ ಬರುತ್ತಿರಲಿಲ್ಲ. ಆಮೇಲೆ ಪ್ಲಗ್‌ಗೆ ಸಿಕ್ಕಿಸುವ ಒಂದು ಎಕ್ಸ್‌ಟೆಂಡರ್ ತಂದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಬಂತು, ಕಾಲ್ ಮಾತ್ರ ಮೊದಲಿನ ಹಾಗೆಯೇ ತುಂಡಾಗುತ್ತಿತ್ತು. ನಾನು ಅದನ್ನು ಸಿಕ್ಕಿಸಿದ್ದು ಅಡುಗೆಮನೆಯಲ್ಲೇ, ಅಂದರೆ ಸಿಗ್ನಲ್ ಸತ್ತ ಜಾಗದಲ್ಲೇ. ತನಗೇ ಸರಿಯಾಗಿ ಸಿಗದೇ ಇರುವುದನ್ನು ಅದು ಫೋನಿಗೆ ಹೇಗೆ ಕೊಡುತ್ತದೆ? ಮೆಶ್ ಹಾಕುವಾಗಲೂ ಜಾಸ್ತಿ ಜನ ಮಾಡುವ ತಪ್ಪು ಇದೇ.

ಮೊದಲು ಗೋಡೆ ನೋಡಿ

ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಅದು ನೀರು ಕುಡಿಯುತ್ತದೆ. ನೀರು ವೈಫೈ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಒಂದು ಅಡಿ ದಪ್ಪದ ಗೋಡೆ ಫೆಬ್ರವರಿಯಲ್ಲಿ ಬಿಡುವಷ್ಟು ಸಿಗ್ನಲನ್ನು ಮಳೆ ಜೋರಿರುವ ಆಟಿ ತಿಂಗಳಲ್ಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಎಲ್ಲ ಸರಿ ಇತ್ತು, ಮಳೆಗಾಲದಲ್ಲಿ ಯಾಕೋ ಕಡಿಮೆಯಾಯಿತು ಅನ್ನುವವರು ಮಳೆ ಹೊಡೆಯುವ ಬದಿಯ ಗೋಡೆಯನ್ನು ಕೈಯಲ್ಲಿ ಮುಟ್ಟಿ ನೋಡಿ. ನೀವು ಬೇಸಿಗೆಯಲ್ಲಿ ಅಳತೆ ಮಾಡಿ ಜಾಗ ಗೊತ್ತು ಮಾಡುವುದಾದರೆ ಮಳೆಗಾಲಕ್ಕೆ ಅಂತ ಸ್ವಲ್ಪ ಹೆಚ್ಚು ಸಿಗ್ನಲ್ ಇಟ್ಟುಕೊಂಡೇ ಲೆಕ್ಕ ಹಾಕಿ.

ಇನ್ನೊಂದು ವಿಷಯ, ಅಲೆ ಗೋಡೆಯನ್ನು ನೇರವಾಗಿ ದಾಟುವುದಕ್ಕೂ ಓರೆಯಾಗಿ ದಾಟುವುದಕ್ಕೂ ವ್ಯತ್ಯಾಸ ಇದೆ. ಒಂದು ಅಡಿ ಗೋಡೆಯನ್ನು 45 ಡಿಗ್ರಿ ಓರೆಯಲ್ಲಿ ದಾಟಿದರೆ ಅದು ಸುಮಾರು 1.4 ಅಡಿ ಗೋಡೆ ಆದ ಹಾಗೆ. ಅದಕ್ಕೇ ಬಾಗಿಲುಗಳ ಸಾಲು ನೋಡಬೇಕು. ನಮ್ಮ ಮನೆಯಲ್ಲಿ ಎದುರು ಬಾಗಿಲಲ್ಲಿ ನಿಂತರೆ ಹಿಂಬಾಗಿಲಿನ ಆಚೆ ಬಾವಿಕಟ್ಟೆ ಕಾಣುತ್ತದೆ. ಆ ಸಾಲಿನಲ್ಲಿ ಇಟ್ಟ ಯೂನಿಟ್‌ಗಳು ಒಂದಕ್ಕೊಂದು ಚೆನ್ನಾಗಿ ಮಾತಾಡುತ್ತವೆ. ಮೂಲೆಯಲ್ಲಿ ಟಿವಿ ಹಿಂದೆ ಅಡಗಿಸಿ ಇಟ್ಟವು ಮಾತಾಡುವುದಿಲ್ಲ.

ಹಂಚಿನ ಮನೆಯಲ್ಲಿ ನಮಗೆ ಒಂದು ಅನುಕೂಲವೂ ಇದೆ. ಮುಚ್ಚಿಗೆ ಇಲ್ಲದ ಕೋಣೆಗಳಲ್ಲಿ ಗೋಡೆ ಮಾಡಿನವರೆಗೆ ಮುಟ್ಟಿರುವುದಿಲ್ಲ, ಮೇಲೆ ಪಕ್ಕಾಸಿನ ಅಡಿಯಲ್ಲಿ ಜಾಗ ಇರುತ್ತದೆ. ಯೂನಿಟ್ ಅನ್ನು ಎತ್ತರದಲ್ಲಿ, ಗೋಡೆಯ ತಲೆಯ ಹತ್ತಿರ ಇಟ್ಟರೆ ಸಿಗ್ನಲ್ ಗೋಡೆ ದಾಟುವ ಬದಲು ಗೋಡೆಯ ಮೇಲಿನಿಂದ ಹೋಗುತ್ತದೆ. ಮರದ ಮುಚ್ಚಿಗೆ ಇದ್ದರೂ ಪರವಾಗಿಲ್ಲ, ಒಣ ಮರ ಅಷ್ಟೇನೂ ತಡೆಯುವುದಿಲ್ಲ. ಆದರೆ ಈಗ ಎಲ್ಲರೂ ತಾರಸಿ ಮೇಲೆ, ಅಂಗಳದ ಮೇಲೆ ತಗಡಿನ ಶೀಟ್ ಹಾಕಿಸುತ್ತಾರಲ್ವಾ, ಅದು ಮಾತ್ರ ಕಷ್ಟ. ಲೋಹದ ಶೀಟ್ ಅಲೆಯನ್ನು ಬಿಡುವುದೇ ಇಲ್ಲ, ವಾಪಸ್ ಕಳಿಸುತ್ತದೆ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ ಕೂಡ ಹಾಗೆಯೇ.

ಫೋನ್ ಹಿಡಿದು ಮನೆ ಸುತ್ತಿ

ಏನನ್ನೂ ಕೊಳ್ಳುವ ಮೊದಲು ಈ ಕೆಲಸ ಮಾಡಿ. ಆಂಡ್ರಾಯ್ಡ್ ಫೋನಿಗೆ ಸಿಗ್ನಲ್ ಅಳೆಯುವ ವೈಫೈ ಅನಲೈಜರ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಅದರಲ್ಲಿ ಮೈನಸ್ ಅಂಕಿ ಕಾಣುತ್ತದೆ, ಡಿಬಿಎಂ ಲೆಕ್ಕದಲ್ಲಿ. ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು: -50 ಅಂದರೆ ತುಂಬಾ ಚೆನ್ನಾಗಿದೆ, -67 ರವರೆಗೆ ವಿಡಿಯೊ ಕಾಲ್ ನಂಬಬಹುದು, -75 ಆದರೆ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ತುಂಡಾಗುತ್ತದೆ, -80 ದಾಟಿದರೆ ಇದ್ದೂ ಇಲ್ಲದ ಹಾಗೆ. ಪ್ರತಿ 3 ಅಂಕಿ ಕೆಳಗೆ ಹೋದರೆ ಶಕ್ತಿ ಅರ್ಧ ಆಯಿತು ಅಂತ ತಿಳಿದುಕೊಳ್ಳಿ.

ಒಂದು ಕಾಗದದಲ್ಲಿ ಮನೆಯ ನಕ್ಷೆ ಗೀಚಿ, ಪ್ರತಿ ಕೋಣೆಯಲ್ಲಿ ಅರ್ಧ ನಿಮಿಷ ನಿಂತು ಅಂಕಿ ಬರೆಯಿರಿ. ಬಾಗಿಲು ಹಾಕಿ ಒಮ್ಮೆ, ತೆಗೆದು ಒಮ್ಮೆ. ವೈಫೈ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡಕ್ಕೂ ಬೇರೆ ಬೇರೆ ಅಂಕಿ ಬರೆಯಿರಿ, 2.4 ನಿಧಾನ ಆದರೂ ಗೋಡೆ ದಾಟುವುದರಲ್ಲಿ ಗಟ್ಟಿ, 5 ವೇಗ ಜಾಸ್ತಿ ಆದರೆ ಮುರಕಲ್ಲಿನ ಮುಂದೆ ಬೇಗ ಸೋಲುತ್ತದೆ. ನಮ್ಮಲ್ಲಿ ಚಾವಡಿಯಲ್ಲಿ -42 ಇದ್ದದ್ದು, ಒಂದು ಗೋಡೆ ದಾಟಿದ ಮೇಲೆ ನಡುಕೋಣೆಯಲ್ಲಿ -63, ಅಡುಗೆಮನೆಯಲ್ಲಿ -82. ಅಂಕಿ ನೋಡಿದ ಕೂಡಲೇ ಉತ್ತರ ಸಿಕ್ಕಿತು. ಎರಡನೇ ಯೂನಿಟ್ ಇರಬೇಕಾದದ್ದು ಅಡುಗೆಮನೆಯಲ್ಲಿ ಅಲ್ಲ, ನಡುಕೋಣೆಯಲ್ಲಿ, ಅಡುಗೆಮನೆ ಬಾಗಿಲಿಗೆ ಎದುರಾಗಿ. ಸಿಗ್ನಲ್ ಇನ್ನೂ ಜೀವಂತ ಇರುವ ಜಾಗದಲ್ಲಿ, -60 ರ ಆಸುಪಾಸಿನಲ್ಲಿ ಯೂನಿಟ್ ಇಡಿ. ಅಲ್ಲಿಂದ ಅದು ಮುಂದಿನ ಕೋಣೆಗೆ ಕೊಡಲಿ.

ಮಂಗಳೂರಿನಲ್ಲಿ ಕದ್ರಿ, ಬಿಜೈ ಕಡೆಯ ಫ್ಲಾಟ್‌ನಲ್ಲಿರುವವರು ಈ ಸುತ್ತಾಟ ಮುಗಿಸಿದ ಮೇಲೆ ಮೆಶ್ ಬೇಕೇ ಬೇಕಾ ಅಂತ ಒಮ್ಮೆ ಯೋಚಿಸಿ. ಎರಡು ಬೆಡ್‌ರೂಮಿನ ಫ್ಲಾಟಿಗೆ ಒಂದು ಒಳ್ಳೇ ರೌಟರ್ ಮನೆಯ ಮಧ್ಯದಲ್ಲಿ ಇಟ್ಟರೆ ಸಾಕಾಗುತ್ತದೆ ಅಂತ ನನ್ನ ಅಭಿಪ್ರಾಯ. ಅಲ್ಲಿ ತೊಂದರೆ ಗೋಡೆಯದ್ದಲ್ಲ, ಅಕ್ಕಪಕ್ಕದ ಇಪ್ಪತ್ತು ಮನೆಗಳ ವೈಫೈ ಒಂದರ ಮೇಲೊಂದು ಬೀಳುವುದು. 2.4 ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ 1, 6, 11 ಮೂರೇ. ಇದ್ದದ್ದರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇಡಿ, ಫೋನ್, ಲ್ಯಾಪ್‌ಟಾಪ್ ಎಲ್ಲವನ್ನೂ 5 ಕ್ಕೆ ಸೇರಿಸಿ.

ಏನು ಕೊಳ್ಳಬೇಕು

ಮೂರು ಯೂನಿಟ್‌ನ ಸೆಟ್ ಕಡಿಮೆಗೆ ಸಿಗುತ್ತದೆ ಅಂತ ಸುಮ್ನೆ ಮೂರು ತರಬೇಡಿ. ಯೂನಿಟ್ ಜಾಸ್ತಿಯಾದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಎರಡರಿಂದ ಶುರು ಮಾಡಿ, ಬೇಕಾದರೆ ಅದೇ ಕಂಪನಿಯ ಅದೇ ಸಾಲಿನ ಮೂರನೆಯದನ್ನು ಸೇರಿಸಿ. ಬೇರೆ ಕಂಪನಿಯದ್ದು ಸಾಮಾನ್ಯವಾಗಿ ಸೇರುವುದಿಲ್ಲ.

ಡಬ್ಬದ ಮೇಲೆ ಎರಡು ವಿಷಯ ಓದಿ. ಒಂದು, ಹಿಂದೆ ಕೇಬಲ್ ಸಿಕ್ಕಿಸುವ ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಹೌದಾ ಅಂತ. 10/100 ಅಂತ ಬರೆದಿದ್ದರೆ ಆ ಪೋರ್ಟಿನಲ್ಲಿ 100 ಎಂಬಿಪಿಎಸ್‌ಗಿಂತ ಜಾಸ್ತಿ ಹೋಗುವುದಿಲ್ಲ, ನಿಮ್ಮ ಪ್ಲಾನ್ 300 ಇದ್ದರೂ ಅಷ್ಟೇ. ಎರಡು, ಡ್ಯುಯಲ್ ಬ್ಯಾಂಡಾ (ಎರಡು ರೇಡಿಯೊ) ಟ್ರೈ ಬ್ಯಾಂಡಾ (ಮೂರು ರೇಡಿಯೊ) ಅಂತ. ಮೆಶ್ ಯೂನಿಟ್‌ಗಳು ತಮ್ಮೊಳಗೆ ಮಾತಾಡುವ ದಾರಿಗೆ ಬ್ಯಾಕ್‌ಹಾಲ್ ಅನ್ನುತ್ತಾರೆ. ಡ್ಯುಯಲ್ ಬ್ಯಾಂಡಿನಲ್ಲಿ ಫೋನಿಗೆ ಕೊಡುವ ರೇಡಿಯೊವೇ ಮುಂದಿನ ಯೂನಿಟ್‌ಗೂ ಕೊಡಬೇಕು, ಹಾಗಾಗಿ ಒಂದು ಹಾರಿಕೆಗೆ, ಅಂದರೆ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಹೋಗುವಾಗ, ವೇಗ ಸುಮಾರು ಅರ್ಧ ಆಗುತ್ತದೆ, ಎರಡು ಹಾರಿಕೆಗೆ ಕಾಲು. ಟ್ರೈ ಬ್ಯಾಂಡ್‌ನ ತುಂಬಾ ಮಾಡೆಲ್‌ಗಳಲ್ಲಿ ಆ ಕೆಲಸಕ್ಕೆ ಬೇರೆ ರೇಡಿಯೊ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಜಾಸ್ತಿ ಇರುತ್ತದೆ. ಆದರೆ ನಮ್ಮ ಗೋಡೆಗಳಿಗೆ ಟ್ರೈ ಬ್ಯಾಂಡಿಗೆ ಹಾಕುವ ದುಡ್ಡಿಗಿಂತ ಒಂದು ವಯರ್ ಎಳೆಯುವುದೇ ಒಳ್ಳೆಯದು. ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ.

ವಯರ್ ಎಳೆಯಿರಿ, ಆದಷ್ಟು

ಯೂನಿಟ್‌ನಿಂದ ಯೂನಿಟ್‌ಗೆ ಕೇಬಲ್ ಹಾಕಿದರೆ ಬ್ಯಾಕ್‌ಹಾಲ್ ಕೇಬಲಿನಲ್ಲಿ ಹೋಗುತ್ತದೆ, ಗಾಳಿ ಪೂರ್ತಿ ಫೋನ್‌ಗಳಿಗೆ ಉಳಿಯುತ್ತದೆ, ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸ ಇರುವುದಿಲ್ಲ. ನಾವು ಮೊದಲು ಎರಡು ತಿಂಗಳು ವಯರ್ ಇಲ್ಲದೆ ನಡೆಸಿದೆವು, ನಡುಕೋಣೆಯಲ್ಲಿ 60-70 ಎಂಬಿಪಿಎಸ್ ಸಿಗುತ್ತಿತ್ತು. ಕೇಬಲ್ ಹಾಕಿದ ದಿನ ಅದೇ ಜಾಗದಲ್ಲಿ ಪ್ಲಾನಿನ 200 ಪೂರ್ತಿ ಬಂತು.

ಕ್ಯಾಟ್ 6 ಕೇಬಲ್ ತನ್ನಿ, ಪೂರ್ತಿ ತಾಮ್ರದ್ದು. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ತಂತಿಯ ಕೇಬಲ್ ಕೂಡ ಅದೇ ಹೆಸರಿನಲ್ಲಿ ಮಾರಾಟಕ್ಕಿರುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ತರಬೇಡಿ. ಅದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕರಾವಳಿಯ ಉಪ್ಪುಗಾಳಿಗೆ ಇನ್ನೂ ಬೇಗ ಹಾಳಾಗುತ್ತದೆ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯವರು ವರ್ಷಕ್ಕೊಮ್ಮೆ ಜ್ಯಾಕ್ ತೆಗೆದು ಪಿನ್‌ಗಳು ಹಸಿರು ಹಿಡಿದಿವೆಯಾ ನೋಡಬೇಕು. ಒಂದೇ ಎಳೆತದಲ್ಲಿ 100 ಮೀಟರ್‌ವರೆಗೆ ಹೋಗಬಹುದು, ಯಾವ ಮನೆಗೂ ಸಾಕು.

ಮುರಕಲ್ಲು ಡ್ರಿಲ್‌ಗೆ ಮೆತ್ತಗೆ ಬಗ್ಗುತ್ತದೆ, ಆದರೆ ಇದ್ದಕ್ಕಿದ್ದ ಹಾಗೆ ಪುಡಿ ಉದುರುತ್ತದೆ, ಸಣ್ಣ ಬಿಟ್‌ನಿಂದ ಶುರು ಮಾಡಿ. ಹೊರಗಿನ ಗೋಡೆಯಾದರೆ ತೂತು ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರಾಗಿ ಇರಲಿ, ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡು ಒಳಗೆ ಬರುತ್ತದೆ. ಮಾಡಿನ ಅಡಿಯಲ್ಲಿ ಎಳೆಯುವುದಾದರೆ ಪಿವಿಸಿ ಪೈಪಿನೊಳಗೆ ಹಾಕಿ, ಇಲಿ ಕಡಿಯುತ್ತದೆ. ಕರೆಂಟಿನ ವಯರ್ ಇರುವ ಪೈಪಿನಲ್ಲಿ ಇದನ್ನು ತುರುಕಬೇಡಿ. ಅದು ಅಪಾಯ, ಸಿಗ್ನಲ್‌ಗೂ ಒಳ್ಳೆಯದಲ್ಲ. ಹಳೇ ಟಿವಿ ಕೇಬಲಿನ ಪೈಪ್ ಇದ್ದರೆ ಅದು ಒಳ್ಳೇ ದಾರಿ.

ಜ್ಯಾಕ್ ನೀವೇ ಕ್ರಿಂಪ್ ಮಾಡುವುದಾದರೆ, ಅಂದರೆ ಕೇಬಲಿನ ತುದಿಗೆ ಒತ್ತಿ ಕೂರಿಸುವುದಾದರೆ, ಎರಡೂ ತುದಿಗೆ ಒಂದೇ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ನೀಲಿಯದ್ದೋ ಕಂದಿನದ್ದೋ ಒಂದು ಎಳೆ ಸರಿಯಾಗಿ ಕೂತಿಲ್ಲ ಅಂದರೆ ನೆಟ್ ಬರುತ್ತದೆ, ಆದರೆ 100 ಕ್ಕೇ ನಿಲ್ಲುತ್ತದೆ, ಕಾರಣ ಗೊತ್ತಾಗದೆ ನೀವು ಯೂನಿಟ್ ಅನ್ನೇ ಬೈಯುತ್ತೀರಿ.

ಸೆಟ್ ಮಾಡುವುದು

ಇದು ಸುಲಭ, ಆ್ಯಪ್ ಹೇಳಿದ ಹಾಗೆ ಮಾಡುತ್ತಾ ಹೋದರೆ ಆಯಿತು. ಕೆಲವು ವಿಷಯ ಮಾತ್ರ ಆ್ಯಪ್ ಹೇಳುವುದಿಲ್ಲ.

ಎಲ್ಲ ಯೂನಿಟ್‌ಗಳನ್ನೂ ಮೊದಲು ಚಾವಡಿಯಲ್ಲೇ ಅಕ್ಕಪಕ್ಕ ಇಟ್ಟು ಜೋಡಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಅಲ್ಲೇ ಮುಗಿಸಿ. ಆಮೇಲೆ ಅವುಗಳ ಜಾಗಕ್ಕೆ ಒಯ್ಯಿರಿ. ಮೊದಲ ಯೂನಿಟ್ ಅನ್ನು ಫೈಬರ್ ಬರುವ ಒಎನ್‌ಟಿ ಪೆಟ್ಟಿಗೆಗೆ ಸಣ್ಣ ಕೇಬಲಿನಿಂದ ಸೇರಿಸಿ. ಅಲ್ಲಿರುವ ಹಳದಿ ಫೈಬರ್ ದಾರವನ್ನು ಮಡಚಬೇಡಿ, ಮೊಳೆಗೆ ಸುತ್ತಬೇಡಿ. ಅದರೊಳಗೆ ಇರುವುದು ಗಾಜು. ಲಾಸ್ (LOS) ಅನ್ನುವ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ, ಮೆಶ್‌ನಲ್ಲಿ ಏನು ಮಾಡಿದರೂ ಅದು ಸರಿಯಾಗುವುದಿಲ್ಲ.

ಹೊಸ ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡ್ ಅನ್ನೇ ಕೊಡಿ. ಅಮ್ಮನ ಫೋನ್, ಟಿವಿ, ಅಳಿಯಂದಿರು ಊರಿಗೆ ಬಂದಾಗ ಹಾಕಿಸಿಕೊಂಡದ್ದು, ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ. ಆದರೆ ಆಗ ಒಎನ್‌ಟಿಯ ಸ್ವಂತ ವೈಫೈಯನ್ನು ಆರಿಸಲೇಬೇಕು. ತುಂಬಾ ಪೆಟ್ಟಿಗೆಗಳಲ್ಲಿ ಬ್ರೌಸರಿನಲ್ಲಿ 192.168.1.1 ಅಂತ ಹಾಕಿದರೆ ಅದರ ಪುಟ ತೆರೆಯುತ್ತದೆ, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಸ್ಟಿಕರಿನಲ್ಲಿ ಇರುತ್ತದೆ. ಆರಿಸದಿದ್ದರೆ ಒಂದೇ ಹೆಸರಿನ ಎರಡು ಬೇರೆ ವೈಫೈ ಇದ್ದ ಹಾಗಾಗಿ ಫೋನ್ ಅತ್ತಿತ್ತ ಹಾರುತ್ತಾ ಇರುತ್ತದೆ.

ಇನ್ನು ರೌಟರ್ ಮೋಡಾ, ಆ್ಯಕ್ಸೆಸ್ ಪಾಯಿಂಟ್ ಮೋಡಾ ಅನ್ನುವ ಪ್ರಶ್ನೆ. ಮನೆಯ ನೆಟ್‌ವರ್ಕನ್ನು ನಡೆಸಿ ಎಲ್ಲರಿಗೂ ನೆಟ್ ಹಂಚುವುದು ರೌಟರ್, ಬರೀ ವೈಫೈ ಕೊಡುವುದು ಆ್ಯಕ್ಸೆಸ್ ಪಾಯಿಂಟ್. ಒಎನ್‌ಟಿಯೇ ರೌಟರಿನ ಕೆಲಸ ಮಾಡುತ್ತಿದ್ದರೆ ಮೆಶ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಇಬ್ಬರೂ ರೌಟರ್ ಆದರೆ ಮನೆಯಲ್ಲಿ ಎರಡು ಪ್ರತ್ಯೇಕ ನೆಟ್‌ವರ್ಕ್ ಆಗುತ್ತದೆ: ಯೂಟ್ಯೂಬ್ ನಡೆಯುತ್ತದೆ, ಆದರೆ ಒಎನ್‌ಟಿಗೆ ಸಿಕ್ಕಿಸಿದ ಪ್ರಿಂಟರ್ ನಿಮ್ಮ ಫೋನಿಗೆ ಕಾಣದೇ ಹೋಗಬಹುದು, ಸಿಸಿಟಿವಿಯನ್ನು ಊರ ಹೊರಗಿನಿಂದ ನೋಡುವ ವ್ಯವಸ್ಥೆ ಕೆಡಬಹುದು. ಮೆಶ್‌ನಲ್ಲೇ ಮಕ್ಕಳ ಫೋನಿಗೆ ಸಮಯ ಕಟ್ಟುವುದು ಇತ್ಯಾದಿ ಬೇಕು ಅನ್ನುವವರು ಮಾತ್ರ ನೆಟ್ ಕೊಡುವವರಿಗೆ ಹೇಳಿ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೌಟರಿನ ಕೆಲಸ ಬಿಟ್ಟು ನೆಟ್ ಅನ್ನು ಹಾಗೆಯೇ ದಾಟಿಸುವುದು) ಹಾಕಿಸಿ, ಲಾಗಿನ್ ಹೆಸರು, ಪಾಸ್‌ವರ್ಡ್ ಕೇಳಿಕೊಂಡು ಮೆಶ್‌ನಲ್ಲಿ ಹಾಕಿ.

ಸೋಲಾರ್ ಇನ್ವರ್ಟರಿನ ವೈಫೈ ಕಡ್ಡಿ, ಸ್ಮಾರ್ಟ್ ಬಲ್ಬ್‌ನಂಥವು ಸಾಮಾನ್ಯವಾಗಿ 2.4 ಮಾತ್ರ ಹಿಡಿಯುತ್ತವೆ, ಡಬ್ಲ್ಯುಪಿಎ 3 (WPA3) ಅನ್ನುವ ಹೊಸ ಬಗೆಯ ವೈಫೈ ಭದ್ರತೆ ಅವಕ್ಕೆ ಅರ್ಥವಾಗದೇ ಇರಬಹುದು. ಡಬ್ಲ್ಯುಪಿಎ 2 ಮತ್ತು 3 ಎರಡೂ ಸೇರಿದ ಆಯ್ಕೆ ಇಡಿ. ಆದರೂ ಸೇರದಿದ್ದರೆ ಬರೀ 2.4 ರ ಬೇರೊಂದು ಹೆಸರು ಮಾಡಿ ಅವನ್ನೆಲ್ಲ ಅದಕ್ಕೆ ಹಾಕಿ. ಫೋನ್ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಬೇಗ ಬದಲಾಗಲು ಇರುವ ಫಾಸ್ಟ್ ರೋಮಿಂಗ್ ಅನ್ನುವುದನ್ನು ಆನ್ ಮಾಡಿ ನೋಡಿ, ಹಳೇ ಫೋನ್ ಯಾವುದಾದರೂ ತಕರಾರು ಮಾಡಿದರೆ ಆಫ್ ಮಾಡಿ.

ಎಲ್ಲ ಆದ ಮೇಲೆ ಪರೀಕ್ಷೆ ಒಂದೇ. ಯಾರಿಗಾದರೂ ವಿಡಿಯೊ ಕಾಲ್ ಮಾಡಿ, ಜಗಲಿಯಿಂದ ಹಿಂಬಾಗಿಲಿನವರೆಗೆ ನಿಧಾನವಾಗಿ ನಡೆಯಿರಿ. ಒಂದು ಯೂನಿಟ್ ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕು ಅಂತ ಕೊನೆಗೆ ತೀರ್ಮಾನಿಸುವುದು ಫೋನ್, ಮೆಶ್ ಬರೀ ಸೂಚನೆ ಕೊಡುತ್ತದೆ. ಕೆಲವು ಫೋನ್ ಹಳೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಹಾಗಾದರೆ ಎರಡು ಯೂನಿಟ್ ತೀರಾ ಹತ್ತಿರ ಇವೆ ಅಂತ ತಿಳಿಯಿರಿ, ಒಂದನ್ನು ನಾಲ್ಕು ಹೆಜ್ಜೆ ಆಚೆ ಸರಿಸಿ ಮತ್ತೆ ನಡೆದು ನೋಡಿ.

ಸಿಡಿಲು

ಇದನ್ನು ಹೇಳದೆ ನಮ್ಮ ಊರಿನಲ್ಲಿ ಯಾರಿಗೂ ಕೇಬಲ್ ಎಳೆಯಿರಿ ಅಂತ ಹೇಳಬಾರದು. ಅಂಗಳದ ಆಚೆ ಹಟ್ಟಿಯ ಪಕ್ಕದ ಕೋಣೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಅಲ್ಲಿಗೆ ತೆಂಗಿನ ಮರದಿಂದ ಮರಕ್ಕೆ ಕಟ್ಟಿ ಕ್ಯಾಟ್ 6 ಎಳೆದಿದ್ದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ನಾಲ್ಕು ದಿನ ಮೊದಲು ಸಂಜೆ ಗುಡುಗು ಶುರುವಾದ ಕೂಡಲೇ ಎಲ್ಲ ಅಡಾಪ್ಟರ್ ಪ್ಲಗ್‌ನಿಂದ ತೆಗೆದೆವು. ಸಿಡಿಲು ಬಿದ್ದದ್ದು ಪಕ್ಕದ ತೋಟದಲ್ಲಿ. ಆದರೂ ಕೋಣೆಯ ಯೂನಿಟ್ ಸತ್ತಿತು, ಒಎನ್‌ಟಿಯ ಒಂದು ಪೋರ್ಟ್ ಕೂಡ ಹೋಯಿತು. ಪ್ಲಗ್ ತೆಗೆದಿದ್ದೆವು, ಕೇಬಲ್ ತೆಗೆದಿರಲಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಬಯಲಲ್ಲಿರುವ ಉದ್ದದ ತಾಮ್ರದ ತಂತಿಯಲ್ಲಿ ತಾನಾಗಿಯೇ ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ.

ಈಗ ಆ ದಾರಿಯಲ್ಲಿ ಫೈಬರ್ ಇದೆ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಅಂತ, ತಾಮ್ರದ ಕೇಬಲಿನ ಸಿಗ್ನಲನ್ನು ಫೈಬರಿನ ಬೆಳಕಿಗೆ ಬದಲಿಸುವ ಸಣ್ಣ ಪೆಟ್ಟಿಗೆ, ಎ ಮತ್ತು ಬಿ ಅಂತ ಜೋಡಿಯಾಗಿಯೇ ತರಬೇಕು, ಎರಡೂ ಎ ಆದರೆ ಕೆಲಸ ಮಾಡುವುದಿಲ್ಲ. ಫೈಬರ್ ಜೋಡಿಸುವ ಹುಡುಗರನ್ನು ಕೇಳಿದರೆ ತುದಿ ಹಾಕಿಕೊಡುತ್ತಾರೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಎಳೆಯುವ ಕೇಬಲಿನ ಜೊತೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ, ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಮನೆಯೊಳಗೆ ತರಬೇಡಿ. ಮನೆಯಿಂದ ಹೊರಗೆ ಬೇರೆ ಕಟ್ಟಡಕ್ಕೆ ಹೋಗುವುದಿದ್ದರೆ ತಾಮ್ರ ಬೇಡವೇ ಬೇಡ.

ಕರೆಂಟ್ ಹೋದಾಗ ನಡೆಯಬೇಕಾದರೆ ರೌಟರಿಗೆಂದೇ ಬರುವ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ 12 ವೋಲ್ಟಾ 9 ವೋಲ್ಟಾ, ಎಷ್ಟು ಆಂಪಿಯರ್ ಅಂತ ಓದಿಕೊಂಡು ಹೋಗಿ. ಒಎನ್‌ಟಿಗೆ ಒಂದು, ಪ್ರತಿ ಯೂನಿಟ್‌ಗೆ ಒಂದು ಬೇಕಾಗುತ್ತದೆ. ನಡುವೆ ಒಂದು ಆರಿದರೂ ಅದರ ಮೂಲಕ ಹೋಗುವ ಮುಂದಿನದ್ದು ಆರಿದ ಹಾಗೆಯೇ. ಮನೆಗೆ ಇನ್ವರ್ಟರ್ ಇದ್ದರೆ ಆ ಪಾಯಿಂಟ್‌ಗಳನ್ನೆಲ್ಲ ಅದಕ್ಕೆ ಸೇರಿಸಿಕೊಡಲು ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ.

ಕೊನೆಯದಾಗಿ ಮಾಡಿದ ಕೆಲಸ, ಸ್ಟಿಕರ್. ನಾನು ಮನೆಯಲ್ಲಿ ಇಲ್ಲದ ದಿನವೂ ಗುಡುಗು ಬರುತ್ತದಲ್ವಾ. ಒಎನ್‌ಟಿಯ ಪ್ಲಗ್‌ಗೆ ಒಂದು, ಚಾವಡಿಯದ್ದಕ್ಕೆ ಎರಡು, ನಡುಕೋಣೆಯದ್ದಕ್ಕೆ ಮೂರು ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ತೆಗೆಯುವಾಗ ಹೇಗೆ ಬೇಕಾದರೂ ತೆಗೆಯಬಹುದು. ಹಾಕುವಾಗ ಒಂದನ್ನು ಹಾಕಿ ಎರಡು ನಿಮಿಷ ಕಾಯಬೇಕು, ಆಮೇಲೆ ಎರಡು, ಆಮೇಲೆ ಮೂರು. ಅಮ್ಮ ಈಗ ಒಬ್ಬರೇ ಮಾಡುತ್ತಾರೆ. ಮೊನ್ನೆ ಮಳೆ ನಿಂತ ಮೇಲೆ ಹಾಗೆ ಹಾಕಿ, ಎಂಟೂವರೆಗೆ ಅಡುಗೆಮನೆಯಿಂದಲೇ ಅಕ್ಕನ ಕಾಲ್ ತೆಗೆದರಂತೆ, ನೀರುದೋಸೆ ಹುಯ್ಯುತ್ತಾ.